ಉತ್ತರ ಗೊತ್ತಿಲ್ಲದ ಪ್ರಯೋಗ

ಮಕ್ಕಳೇ, ಜೊತೆಗೆ ಬಂದಿರುವ ಅಪ್ಪ-ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಪಿಯುಸಿ ಲ್ಯಾಬಿನಲ್ಲಿ ನೀವೆಲ್ಲ ಸರಳ ಲೋಲಕ ಆಡಿಸಿದ್ದೀರಿ. ಗುರುತ್ವದ ಬೆಲೆ 9.8ರ ಹತ್ತಿರ ಬರಬೇಕು. ಬರದಿದ್ದರೆ? ರೀಡಿಂಗ್ ತಿದ್ದಿ ರೆಕಾರ್ಡ್ ಬುಕ್ಕಿಗೆ ಬರೆಯುತ್ತೀರಿ, ಅಲ್ವಾ? ಉತ್ತರ ಮೊದಲೇ ಗೊತ್ತಿರುತ್ತದೆ. ಇವತ್ತು ನಾನು ಮಾತಾಡಲು ಬಂದಿರುವುದು ಉತ್ತರ ಮೇಷ್ಟರಿಗೂ ಗೊತ್ತಿಲ್ಲದ ಲ್ಯಾಬುಗಳ ಬಗ್ಗೆ, ಅಂಥ ಲ್ಯಾಬುಗಳಿರುವ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಪದವಿ ಓದುವ ಬಗ್ಗೆ.

ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಶುರುವಾದದ್ದು 1909ರಲ್ಲಿ. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು. ಆದರೆ ಪಿಯುಸಿ ಮುಗಿಸಿದ ಮಕ್ಕಳಿಗೆ ಅದು ನೇರವಾಗಿ ಬಾಗಿಲು ತೆರೆದದ್ದು 2011ರಲ್ಲಿ, ನಾಲ್ಕು ವರ್ಷದ ಪದವಿಯ ಮೂಲಕ. ಮೊದಲು ಎಲ್ಲರೂ ಗಣಿತ, ಭೌತ, ರಸಾಯನ, ಜೀವವಿಜ್ಞಾನ ಎಲ್ಲವನ್ನೂ ಓದಬೇಕು. ಮುಖ್ಯ ವಿಷಯ ಆರಿಸುವುದು ಆಮೇಲೆ. ಕೊನೆಯ ವರ್ಷ ಸ್ವಂತ ಸಂಶೋಧನೆ.

ಅಂಥ ಜಾಗದಲ್ಲಿ ಏನು ಸಿಗುತ್ತದೆ? ಒಂದು ಕಣಜದ ಹುಳುವಿನ ಕತೆ ಹೇಳುತ್ತೇನೆ.

ಅಲ್ಲೇ ಪಿಎಚ್‌ಡಿ ಮಾಡಿದ ರಾಘವೇಂದ್ರ ಗದಗ್ಕರ್ ಅವರ ವಿಷಯ ಅಣುಮಟ್ಟದ ಜೀವವಿಜ್ಞಾನ. ಮನಸ್ಸು ಮಾತ್ರ ಕಣಜಗಳ ಕಡೆ. ಕೊನೆಗೆ ಅದೇ ಆವರಣದಲ್ಲಿ ಕಣಜಗಳ ಅಧ್ಯಯನಕ್ಕೇ ದಶಕಗಳನ್ನು ಕೊಟ್ಟರು. ಮನೆಯ ಸೂರಿನಡಿ, ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುತ್ತವಲ್ಲ, ಅಂಥವೇ. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕಿ ಇಟ್ಟು, ಯಾವುದು ಏನು ಮಾಡುತ್ತದೆ ಅಂತ ಗೂಡಿನ ಮುಂದೆ ಕೂತು ಬರೆದುಕೊಳ್ಳುವ ಕೆಲಸ. ಅವರು ಹೆಚ್ಚು ನೋಡಿದ ಜಾತಿಯಲ್ಲಿ ರಾಣಿ ಸಾಧು ಪ್ರಾಣಿ, ಜಗಳಕ್ಕೆ ಹೋಗುವುದಿಲ್ಲ. ರಾಣಿಯನ್ನು ತೆಗೆದರೆ ಕೆಲಸಗಾರ ಕಣಜಗಳಲ್ಲಿ ಒಂದು ಇದ್ದಕ್ಕಿದ್ದಂತೆ ಜೋರಾಗುತ್ತದೆ. ಅದೇ ಮುಂದಿನ ರಾಣಿ. ಆದರೆ ರಾಣಿ ಇರುವಾಗಲೇ ‘ಮುಂದಿನವಳು ಇವಳೇ’ ಅಂತ ಹೇಳಲು ನೋಡುವವರಿಗೆ ಆಗುತ್ತಿರಲಿಲ್ಲ. ಇಲ್ಲಿ ರೀಡಿಂಗ್ ತಿದ್ದಿ ಏನು ಪ್ರಯೋಜನ? ಯಾವುದಕ್ಕೆ ಸರಿಯಾಗಿ ತಿದ್ದುತ್ತೀರಿ?

ಹದಿನೆಂಟರ ವಯಸ್ಸಿನಲ್ಲಿ ಇಂಥದ್ದನ್ನು ಹತ್ತಿರದಿಂದ ನೋಡುವುದು ದೊಡ್ಡ ಭಾಗ್ಯ. ಆ ವಯಸ್ಸಿನಲ್ಲಿ ಓದುವ ವಿಷಯದ ಬಗ್ಗೆ ಮನಸ್ಸು ಬದಲಾಗುವುದು ಸಹಜ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಊರು ಬಿಡಬೇಕಿಲ್ಲ. ಪಕ್ಕದ ಕಟ್ಟಡಕ್ಕೆ ನಡೆದು ಹೋದರೆ ಸಾಕು.

ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯ 1969ರಲ್ಲೇ ಪದವಿ ಮಕ್ಕಳನ್ನು ಪ್ರಾಧ್ಯಾಪಕರ ಸಂಶೋಧನೆಗೆ ಸೇರಿಸುವ ವ್ಯವಸ್ಥೆ ಮಾಡಿತು. ಇಂಥ ಕಡೆ ಲ್ಯಾಬಿನಲ್ಲಿ ದಿನನಿತ್ಯ ಕಲಿಸುವವರು ಹೆಚ್ಚಾಗಿ ಪಿಎಚ್‌ಡಿ ಮಾಡುವ ಅಕ್ಕ-ಅಣ್ಣಂದಿರು. ದ್ರವ ಅಳೆದು ಹಾಕುವ ಪಿಪೆಟ್ ಹಿಡಿಯುವುದು, ಕೆಟ್ಟುಹೋದ ಪ್ರಯೋಗವನ್ನು ಮರುದಿನ ಮತ್ತೆ ಹೂಡುವುದು, ಎಲ್ಲ ಅವರ ಪಕ್ಕದಲ್ಲಿ ನಿಂತೇ ಬರುತ್ತದೆ.

‘ಅಷ್ಟು ದೊಡ್ಡ ಜಾಗದಲ್ಲಿ ನಮ್ಮ ಮಗು ಕಳೆದುಹೋಗುತ್ತೆ’ ಅಂತ ಹೆದರುವ ತಂದೆ-ತಾಯಿಗಳಿದ್ದಾರೆ. ಆ ಭಯ ಸುಳ್ಳಲ್ಲ. ಅಲ್ಲಿ ಯಾರೂ ಕೈ ಹಿಡಿದು ಲ್ಯಾಬಿಗೆ ಕರೆದೊಯ್ಯುವುದಿಲ್ಲ. ತಾನೇ ಹೋಗಿ ಬಾಗಿಲು ತಟ್ಟಬೇಕು, ‘ಸುಮ್ನೆ ನೋಡ್ತೀನಿ ಮೇಡಂ’ ಅಂತ ಕೇಳಬೇಕು. ಅದಕ್ಕೆ ಸಂಕೋಚ ಪಡುವ ಮಕ್ಕಳಿಗೆ ಮೊದಲ ವರ್ಷ ನಿಜಕ್ಕೂ ಕಷ್ಟ.

ಬೆಂಗಳೂರಿನ ಆ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲರಿಗೂ ಗೇಟು ತೆರೆಯುತ್ತದೆ. ಓಪನ್ ಡೇ ಅಂತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಯಾವುದಾದರೂ ಲ್ಯಾಬಿನ ಮುಂದೆ ನಿಂತಿರುವ ವಿದ್ಯಾರ್ಥಿಯನ್ನು ಒಂದೇ ಮಾತು ಕೇಳಿ: ‘ನಿಮಗೆ ಇನ್ನೂ ಗೊತ್ತಾಗದೇ ಇರೋದು ಏನಪ್ಪಾ?’