ಹತ್ತು ಕಿಲೋಮೀಟರಿನ ಆಚೆಯ ಹೊಗೆ

[ದೃಶ್ಯ: ಕಲ್ಯಾಣ ಕರ್ನಾಟಕದ ನಕ್ಷೆ, ರಾಯಚೂರು ಮತ್ತು ಕಲಬುರಗಿಯ ಮೇಲೆ ಗುರುತು]

ನಮಸ್ಕಾರ. ಕಲಬುರಗಿಯ ಗಾಳಿಯ ಗುಣಮಟ್ಟ ಒಂದು ಕಡತದಲ್ಲಿ, ರಾಯಚೂರಿನ ಕಲ್ಲಿದ್ದಲು ಸುಡುವ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಇನ್ನೊಂದು ಕಡತದಲ್ಲಿ ಇರುವುದು ನಮ್ಮ ರೂಢಿ. ಇವೆರಡನ್ನೂ ಒಂದೇ ಪ್ರಾದೇಶಿಕ ಯೋಜನೆಯಲ್ಲಿ ಕೂಡಿಸಿ ನೋಡಬೇಕೆಂಬುದು ಈ ವಿಡಿಯೋದ ವಾದ.

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ (ಆರ್‌ಟಿಪಿಎಸ್) ಸಾಮರ್ಥ್ಯ 1,720 ಮೆಗಾವಾಟ್, ಅದೇ ಜಿಲ್ಲೆಯ ಯರಮರಸ್ ಸ್ಥಾವರದ್ದು 1,600. ಕಲ್ಲಿದ್ದಲಿನಿಂದ ಒಂದು ಯುನಿಟ್ ವಿದ್ಯುತ್ ತಯಾರಿಸಿದರೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಂಧಕದ ಲೆಕ್ಕ ಬೇರೆಯೇ ಇದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸಾಮಾನ್ಯವಾಗಿ ಶೇ 0.5ರ ಆಸುಪಾಸು. ಆದರೂ ಒಂದು ಟನ್ ಕಲ್ಲಿದ್ದಲಿನಲ್ಲಿರುವ 5 ಕೆ.ಜಿ. ಗಂಧಕ ಉರಿದಾಗ ಹತ್ತಿರಹತ್ತಿರ 10 ಕೆ.ಜಿ. ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಮತ್ತು ದೊಡ್ಡ ಸ್ಥಾವರವೊಂದು ದಿನಕ್ಕೆ ಸುಡುವುದು ಸಾವಿರಾರು ಟನ್. ಎತ್ತರದ ಚಿಮಣಿಯಿಂದ ಹೊರಟ ಈ ಅನಿಲ ಗಾಳಿಯಲ್ಲಿಯೇ ಸೂಕ್ಷ್ಮ ಸಲ್ಫೇಟ್ ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗಬಲ್ಲದು.

ಇದನ್ನೂ ತಡೆಯಲೆಂದು ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರ್‌ನಲ್ಲಿ ಸ್ಥಾವರಗಳ ಹೊಗೆಗೆ ಮಾನದಂಡಗಳನ್ನು ಹೊರಡಿಸಿತು. ಗಡುವು ಮತ್ತೆಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಂದಾಗಲಿ, ತೀವ್ರ ಮಾಲಿನ್ಯದ ಪ್ರದೇಶಗಳಿಂದಾಗಲಿ, ಗಾಳಿಯ ಮಾನದಂಡ ಮುಟ್ಟದ ನಗರಗಳಿಂದಾಗಲಿ 10 ಕಿ.ಮೀ. ಆಚೆಗಿರುವ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಅಳವಡಿಕೆಯಿಂದ ವಿನಾಯಿತಿ ದೊರೆಯಿತು. ರಾಜ್ಯದಲ್ಲಿ ಮಾನದಂಡ ಮುಟ್ಟದ ನಾಲ್ಕು ನಗರಗಳಲ್ಲಿ ಕಲಬುರಗಿಯೂ ಒಂದು; ಆದರೆ ರಾಯಚೂರಿನ ಸ್ಥಾವರಗಳು ಇಲ್ಲಿಂದ ನೂರು ಕಿ.ಮೀ.ಗೂ ದೂರ ಇರುವುದರಿಂದ ಅವುಗಳ ವಿನಾಯಿತಿಯನ್ನು ನಿರ್ಧರಿಸುವಾಗ ನಮ್ಮ ನಗರ ಲೆಕ್ಕಕ್ಕೇ ಬರುವುದಿಲ್ಲ. ನಗರದ ಧೂಳಿಗೆ ರಸ್ತೆ, ವಾಹನ, ಕಟ್ಟಡ ಕಾಮಗಾರಿಗಳೂ ಕಾರಣ, ನಿಜ. ಹಾಗೆಂದು ದೂರದ ಪಾಲನ್ನು ಅಳೆಯದೆ ಬಿಡುವುದು ಸರಿಯಲ್ಲ.

[ದೃಶ್ಯ: ಸೇಡಂ ಸುಣ್ಣಕಲ್ಲಿನ ಗಣಿ, ವಾಡಿಯ ಸಿಮೆಂಟ್ ಕಾರ್ಖಾನೆ]

ಯಂತ್ರ ದುಬಾರಿ, ಅದರ ಹೊರೆ ಕೊನೆಗೆ ಬಳಕೆದಾರರ ಬಿಲ್ಲಿಗೇ ಬರುತ್ತದೆ ಎಂಬ ಆಕ್ಷೇಪವನ್ನು ಅಭಿವೃದ್ಧಿಶೀಲ ದೇಶವೊಂದು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಭಾಗದ ಸ್ಥಿತಿಯೇ ಬೇರೆ. ಆ ಯಂತ್ರದಲ್ಲಿ ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಬೆರೆಸಿದ ನೀರಿನ ತುಂತುರಿನೊಳಗೆ ಹಾಯಿಸಿದಾಗ ಗಂಧಕವು ಜಿಪ್ಸಂ ಆಗಿ ಉಳಿಯುತ್ತದೆ. ಸುಣ್ಣಕಲ್ಲು ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ಹೇರಳ, ಮತ್ತು ಜಿಪ್ಸಂ ಇಲ್ಲದೆ ಇಲ್ಲಿನ ಸಿಮೆಂಟ್ ಕಾರ್ಖಾನೆಗಳು ನಡೆಯುವುದಿಲ್ಲ. ಕಚ್ಚಾವಸ್ತುವೂ ಗಿರಾಕಿಯೂ ಹತ್ತಿರದ ಕಲಬುರಗಿ ಜಿಲ್ಲೆಯಲ್ಲಿಯೇ ಇರುವ ಇಂಥ ಅನುಕೂಲವನ್ನು ಇಡೀ ದೇಶಕ್ಕೆ ಒಂದೇ ಎಂಬಂತೆ ಬರೆದ ನಿಯಮ ಕಾಣಲಾರದು. ಅದನ್ನು ಕಾಣಿಸಬೇಕಾದದ್ದು ಪ್ರಾದೇಶಿಕ ಯೋಜನೆ.

ಈ ಯಂತ್ರಕ್ಕೆ ಹೆಚ್ಚುವರಿ ನೀರು ಬೇಕು, ಇಂಗಾಲದ ಡೈಆಕ್ಸೈಡನ್ನು ಇದು ತಗ್ಗಿಸುವುದೂ ಇಲ್ಲ. ಆದ್ದರಿಂದ ಎಲ್ಲ ಘಟಕಗಳಿಗೂ ಇದನ್ನು ಹಾಕಬೇಕಿಲ್ಲ. 1985ರಿಂದ ಒಂದೊಂದಾಗಿ ಆರಂಭವಾದ ಆರ್‌ಟಿಪಿಎಸ್‌ನ ಹಳೆಯ 210 ಮೆಗಾವಾಟ್ ಘಟಕಗಳಿಗೆ ಈ ಹಣ ಸುರಿಯುವುದಕ್ಕಿಂತ ಅವುಗಳ ನಿವೃತ್ತಿಗೆ ದಿನಾಂಕ ನಿಗದಿಪಡಿಸಿ, ಹಗಲಿನ ಪಂಪ್‌ಸೆಟ್ ಬೇಡಿಕೆಯನ್ನು ಸೌರ ವಿದ್ಯುತ್ತಿಗೆ ವರ್ಗಾಯಿಸುವುದು ಮೇಲು. ಇನ್ನೂ ದಶಕಗಳ ಕಾಲ ಉರಿಯಲಿರುವ ಯರಮರಸ್‌ನ ಎರಡು 800 ಮೆಗಾವಾಟ್ ಘಟಕಗಳಿಗಾದರೋ ವಿನಾಯಿತಿ ಇರಲಿ ಬಿಡಲಿ, ಗಂಧಕ ತೆಗೆಯುವ ವ್ಯವಸ್ಥೆ ಇರಲೇಬೇಕು.