ಹುಳುವೇ ಕಾಣದೆ ಹುಳುವಿನ ಮಾತ್ರೆ

ಎಲ್ಲರಿಗೂ ನಮಸ್ಕಾರ.

ತಿಂಗಳುಗಟ್ಟಲೆ ಸುಸ್ತು, ಹೊಟ್ಟೆ ಉಬ್ಬರ, ಮೈಕೈ ನೋವು. ರಿಪೋರ್ಟ್ ಎಲ್ಲ ನಾರ್ಮಲ್. ಆಗ ಯಾರೋ ಹೇಳುತ್ತಾರೆ: "ಒಳಗೆ ಹುಳು ಸೇರಿಕೊಂಡಿದೆ, ಟೆಸ್ಟಲ್ಲಿ ಸಿಗಲ್ಲ. ಐವರ್‌ಮೆಕ್ಟಿನ್ ತಗೊಳ್ಳಿ." ಸಿಗದೇ ಇರುವುದನ್ನೇ ಸಾಕ್ಷಿ ಮಾಡಿಕೊಂಡವರ ಜೊತೆ ಏನಂತ ವಾದ ಮಾಡೋಣ? ಅದಕ್ಕೇ ಇವತ್ತು ಜಪಾನಿನ ಒಂದು ಕಥೆ ಹೇಳುತ್ತೇನೆ.

ಕ್ಲಿಯೋಕ್ವಿನಾಲ್ ಅಂತ ಒಂದು ಔಷಧಿ. ಅಮೀಬಾ ಭೇದಿಗೆ ಕೊಡುತ್ತಿದ್ದದ್ದು. ಎಂಟೆರೋ ವಯೋಫಾರ್ಮ್, ಮೆಕ್ಸಾಫಾರ್ಮ್ ಹೆಸರು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಜಪಾನಿನಲ್ಲಿ 1960ರ ದಶಕದಲ್ಲಿ ಅಮೀಬಾ ಇರಲಿ, ಬಿಡಲಿ, ಹೊಟ್ಟೆ ಕೆಟ್ಟರೆ ಸಾಕು, ಇದನ್ನೇ ವಾರಗಟ್ಟಲೆ ಕೊಟ್ಟರು. ಜನರಿಗೆ ಪಾದದಿಂದ ಜೋಮು ಶುರುವಾಗಿ ಮೇಲೇರಿತು. ಕಾಲಿನ ಶಕ್ತಿಯೇ ಹೋಯಿತು. ಕೆಲವರಿಗೆ ಕಣ್ಣೇ ಹೋಯಿತು. ಸುಮಾರು 10,000 ಜನ! ಇದು ಅಂಟುರೋಗ ಇರಬೇಕೆಂದು ನೆರೆಹೊರೆಯವರು ಅವರನ್ನು ದೂರ ಇಟ್ಟರು. ಅದು ಬೇರೆ ಸಂಕಟ.

ಗುಟ್ಟು ಬಿಟ್ಟುಕೊಟ್ಟದ್ದು ಹಸಿರು ಬಣ್ಣ. ರೋಗಿಗಳ ನಾಲಿಗೆ ಹಸಿರು, ಮೂತ್ರವೂ ಹಸಿರು. ಪರೀಕ್ಷೆ ಮಾಡಿದರೆ, ಕ್ಲಿಯೋಕ್ವಿನಾಲ್ ಮೈಯೊಳಗಿನ ಕಬ್ಬಿಣದ ಜೊತೆ ಸೇರಿ ಆದ ಬಣ್ಣ ಅದು. ನಿಯಿಗಾತಾ ವಿಶ್ವವಿದ್ಯಾಲಯದ ನರರೋಗ ತಜ್ಞ ತಾದಾವೊ ತ್ಸುಬಾಕಿ ಈ ಮಾತ್ರೆಯ ಮೇಲೇ ಬೆರಳಿಟ್ಟರು. 1970ರ ಸೆಪ್ಟೆಂಬರಿನಲ್ಲಿ ಮಾರಾಟ ನಿಂತಿತು. ಹೊಸ ರೋಗಿಗಳು ಬರುವುದೂ ಹೆಚ್ಚುಕಮ್ಮಿ ನಿಂತೇ ಹೋಯಿತು. ನನಗೆ ತುಂಬಾ ಕಾಡುವುದು ಇದು: ಆ ಮಾತ್ರೆಯಿಂದಲೂ ಹೊಟ್ಟೆನೋವು ಬರುತ್ತಿತ್ತು. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಮತ್ತೆ ಅದನ್ನೇ ಕೊಡುತ್ತಿದ್ದರು.

ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಲ್ಲ. ಅದರ ಹಿಂದಿನ ಸಂಶೋಧನೆಗಾಗಿ ವಿಜ್ಞಾನಿಗಳಾದ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಕಜ್ಜಿಗೆ, ಆನೆಕಾಲು ರೋಗ ತಡೆಗೆ ನಮ್ಮಲ್ಲೂ ಕೊಡುತ್ತಾರೆ. ಆದರೆ 60 ಕೆಜಿ ತೂಕದವರಿಗೆ ಒಂದು ಸಲಕ್ಕೆ ಸುಮಾರು 12 ಮಿಲಿಗ್ರಾಂ, ಅಷ್ಟೇ. ದಿನಾ ನುಂಗುವ ಟಾನಿಕ್ ಅಲ್ಲ ಅದು. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಕೂಡ ಹಾಗೇ. ಒಂದು ಮಾತ್ರೆಗೆ ಭಯ ಬೇಡ. ವಾರಗಟ್ಟಲೆ ತಗೊಂಡರೆ ಲಿವರ್‌ಗೆ ಪೆಟ್ಟು ಬೀಳಬಹುದು, ರಕ್ತಕಣ ಇಳಿಯಬಹುದು. ಮೆದುಳಿನ ಲಾಡಿಹುಳುವಿಗೆ ದಿನಗಟ್ಟಲೆ ಕೊಡುವಾಗ ಡಾಕ್ಟರು ರಕ್ತ ನೋಡುತ್ತಲೇ ಇರುವುದು ಇದಕ್ಕೇ.

"ಮಲದಲ್ಲಿ ಹಗ್ಗದಂಥ ಹುಳು ಬಂತು" ಅಂತ ಫೋಟೋ ತೋರಿಸುವವರಿದ್ದಾರೆ. ಅದು ಸಾಮಾನ್ಯವಾಗಿ ಕರುಳಿನ ಲೋಳೆ. ಅನುಮಾನ ಇದ್ದರೆ ಫೋಟೋ ಬಿಡಿ, ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕೊಡಿ.

ನಿಜವಾಗಿ ಹುಳು ಇರುವವರೂ ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಒಂದೇ ಸಲದ ಮಲಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಹಾಗಾಗಿ ಬೇರೆ ಬೇರೆ ದಿನ ಮೂರು ಸಲ ಕೊಡಿ. ಸ್ಟ್ರಾಂಜಿಲಾಯ್ಡ್ಸ್ ಅನ್ನೋ ಹುಳುವಿಗೆ ರಕ್ತಪರೀಕ್ಷೆ ಇದೆ. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಈ ಹುಳು ವಿಪರೀತ ಹೆಚ್ಚಬಹುದು, ಅಂಥವರು ಡಾಕ್ಟರ ಹತ್ತಿರ ಆ ಪರೀಕ್ಷೆ ಕೇಳಿ ನೋಡಿ. ಸುಸ್ತಿಗೆ ಬೇರೆ ಕಾರಣ ಇದೆಯಾ ಅಂತ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿದ್ದೀರಾ? ನಿದ್ದೆ ಹೇಗಿದೆ? ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಆ ಸ್ಟ್ರಿಪ್ಪನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ.