ಸೌದೆ ಒಲೆ ದೋಸೆ, ಎಂಟು ತುಂಡು

ನಮಸ್ಕಾರ ಕೇಳುಗರೇ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮಾತು ಬಂದರೆ ಒಬ್ಬರಾದರೂ ಹೇಳೇ ಹೇಳುತ್ತಾರೆ, ಸೌದೆ ಒಲೆದೇ ಬೇರೆ, ಗ್ಯಾಸಿಂದೇ ಬೇರೆ, ಬಾಯಿಗಿಟ್ಟರೆ ಗೊತ್ತಾಗುತ್ತೆ ಅಂತ. ನಮ್ಮ ಮಾವನೂ ಹಾಗೇ.

ನಿಜಾನಾ? ಒಂದೇ ತುಂಡು ಕೊಟ್ಟು ಕೇಳಿದರೆ ಉಪಯೋಗವಿಲ್ಲ, ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ಎರಡರಲ್ಲಿ ಒಂದು ಸಲ ಸರಿಯಾಗುತ್ತೆ. ಅದಕ್ಕೇ ಎಂಟು ತುಂಡು ಕೊಡೋಣ. ನಾಲ್ಕು ಸೌದೆದು, ನಾಲ್ಕು ಗ್ಯಾಸಿಂದು, ಹಿಟ್ಟು ಬೆಣ್ಣೆ ಎಲ್ಲಾ ಒಂದೇ. ಮಾವನ ಕಣ್ಣಿಗೆ ಬಟ್ಟೆ. ಯಾವುದು ಮೊದಲು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ತುಂಡು ಕೊಡುವವರಿಗೂ ಯಾವುದು ಏನು ಅಂತ ಗೊತ್ತಿರಬಾರದು, ದನಿಯಲ್ಲೇ ಸುಳಿವು ಸಿಕ್ಕಿಬಿಡುತ್ತೆ, ಅಲ್ವಾ?

ನಾಲ್ಕು ಸೌದೆದು ಅಂತ ಮಾವನಿಗೆ ಮೊದಲೇ ಹೇಳಿರುತ್ತೇವೆ, ಆ ನಾಲ್ಕನ್ನು ಎಂಟರಲ್ಲಿ ಆರಿಸಲು 70 ದಾರಿಗಳಿವೆ. ಎಲ್ಲಾ ಸರಿಯಾಗುವುದು ಒಂದರಲ್ಲಿ ಮಾತ್ರ. ಹಾಗಾಗಿ ಮಾವ ಪೂರ್ತಿ ಗೆದ್ದರೆ ಬರೀ ಅದೃಷ್ಟ ಅನ್ನೋದು ಕಷ್ಟ. ಆದರೆ ಎರಡು ತಪ್ಪಿ ಆರು ಸರಿಯಾದರೆ? ಕೇಳೋಕೆ ಜೋರಾಗಿದೆ. ಆದರೆ ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಹೇಳುವ ದಾರಿಗಳು 70ರಲ್ಲಿ 17. ಅಂದರೆ ನಾಲಿಗೆಯೇ ಇಲ್ಲದವರೂ ನೂರಕ್ಕೆ 24 ಸಲ ಹಾಗೆ ಗೆಲ್ಲಬಹುದು! ಸಂಖ್ಯಾಶಾಸ್ತ್ರದಲ್ಲಿ ಪಿ-ವ್ಯಾಲ್ಯೂ ಅಂತ ಹೆದರುತ್ತೀರಲ್ಲ, ಅದು ಇಷ್ಟೇ: ಬರೀ ಅದೃಷ್ಟದಿಂದಲೇ ಇಷ್ಟು ಅಥವಾ ಇದಕ್ಕಿಂತ ಚೆನ್ನಾಗಿ ಬರುವ ಸಾಧ್ಯತೆ. ದೋಸೆ ನನ್ನದು, ಲೆಕ್ಕ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರದು. 1935ರ ಪುಸ್ತಕದಲ್ಲಿ ಅವರು ಎಂಟು ಕಪ್ ಟೀ ಇಟ್ಟುಕೊಂಡು ಇದನ್ನು ವಿವರಿಸಿದ್ದರು. ಕಪ್ಪಿಗೆ ಹಾಲು ಮೊದಲು ಬಿತ್ತೋ ಟೀ ಮೊದಲು ಬಿತ್ತೋ ಹೇಳಬಲ್ಲೆ ಅಂದ ಹೆಂಗಸಿನ ಕಥೆ ಅದು.

ಸೈಕಾಲಜಿ ಓದುವಾಗ ನನಗೆ ಈ ಚೀಟಿ ಎತ್ತುವ ಮರ್ಮ ತಲೆಗೆ ಹತ್ತಿರಲಿಲ್ಲ. ಹಾಡು ಹಾಕಿಕೊಂಡು ಓದಿದರೆ ನೆನಪು ಕಡಿಮೆಯಾಗುತ್ತಾ ಅಂತ ನೋಡಲು ಹೊರಟೆ. ಬೆಳಿಗ್ಗೆಯ ಕ್ಲಾಸಿಗೆ ಹಾಡಿಲ್ಲ, ಮಧ್ಯಾಹ್ನದ ಕ್ಲಾಸಿಗೆ ಹಾಡು. ಎರಡು ಗುಂಪಿನ ಅಂಕಗಳಲ್ಲಿ ದೊಡ್ಡ ವ್ಯತ್ಯಾಸ ಬಂತು, ಆ ವ್ಯತ್ಯಾಸ ಬರೀ ಅದೃಷ್ಟವೇ ಅಂತ ನೋಡುವ ಟಿ-ಟೆಸ್ಟ್ ಅನ್ನೋ ಲೆಕ್ಕವನ್ನೂ ಮಾಡಿ, ಕುಣಿದುಕೊಂಡೇ ಗೈಡ್ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ: "ಹಾಡು ಮರೆಸಿತೋ, ಊಟದ ನಿದ್ದೆ ಮರೆಸಿತೋ?"

ಯಾವ ಟೆಸ್ಟಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಎರಡೂ ಕ್ಲಾಸಿನವರನ್ನು ಸೇರಿಸಿ, ಚೀಟಿ ಎತ್ತಿ ಹಂಚಿ, ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಹೊಸದಾಗಿ ಮಾಡಿದೆ. ಮೊದಲ ಸಲದ ಅರ್ಧ ವ್ಯತ್ಯಾಸವೂ ಉಳಿಯಲಿಲ್ಲ.

ಮಾವನ ಪರೀಕ್ಷೆ ಈ ಭಾನುವಾರ. ಚೀಟಿ ಬರೆಯುತ್ತಾ ಇದ್ದೇನೆ. ನಮಸ್ಕಾರ.